ನಮ್ಮ ಅಂಗಳ ಅಗೆಯುವ ಮೊದಲು

ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ,
ಶಿವಮೊಗ್ಗ ಜಿಲ್ಲಾಧಿಕಾರಿಯವರಿಗೆ,
ಹಾಗೂ ಬೇಸಿಗೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಶರಾವತಿ ಹಿನ್ನೀರಿಗೆ ಇಳಿಯುವ ತಮ್ಮಂದಿರಿಗೆ,

ನಮಸ್ಕಾರ.

ಮೂರು ಕಡೆಗೂ ಒಂದೇ ಪತ್ರ ಬರೆಯುತ್ತಿದ್ದೇನೆ. ಮೊದಲಿನ ಇಬ್ಬರಿಗೆ ಬೇರೆಯಾಗಿ ಬರೆದರೆ ಅದಕ್ಕೊಂದು ಟಪಾಲು ನಂಬರು ಬಿದ್ದು ಫೈಲು ಸೇರುತ್ತದೆ. ಮೂರನೆಯವರ ವಿಳಾಸವೇ ನನಗೆ ಗೊತ್ತಿಲ್ಲ. ಬೈಕಿನ ನಂಬರು ನೋಡಿಕೊಳ್ಳುವಷ್ಟು ಬುದ್ಧಿ ಆ ದಿನ ನನಗೆ ಬರಲಿಲ್ಲ. ಹಾಗಾಗಿ ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ.

ನಾನು ಮುಳುಗಡೆಯವನು. ನಮ್ಮ ಕಡೆ ಇಷ್ಟು ಹೇಳಿದರೆ ಸಾಕು, ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಶರಾವತಿ ಕಣಿವೆಯ ಊರುಗಳು ನೀರಿನ ಅಡಿಗೆ ಹೋದವು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಜೋಗದ ವಿದ್ಯುತ್ತಿಗೆಂದು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಅದು ಮುಳುಗಿಸಿದ್ದು ಮುಳುಗಿಸಿತು, ಆಮೇಲೆ ಲಿಂಗನಮಕ್ಕಿಯ ನೀರಲ್ಲಿ ತಾನೂ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮಡೆನೂರಿನ ಕಲ್ಲಿನ ಕಟ್ಟೆ, ಹೆಚ್ಚಾದ ನೀರು ಹೊರಹಾಕಲು ಅದಕ್ಕೆ ಕಟ್ಟಿದ್ದ ಸೈಫನ್ನುಗಳು ಮೇಲೆ ಬರುತ್ತವೆ. ಜನ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಮ್ಮಂಥವರಿಗೆ ಅದು ಕ್ಯಾಲೆಂಡರು. ಸೈಫನ್ನು ಕಂಡಿತು ಎಂದರೆ ಇನ್ನು ಸ್ವಲ್ಪ ದಿನಕ್ಕೆ ನಮ್ಮ ಹಳೇಮನೆಯ ಪಾಯವೂ ಕಾಣುತ್ತದೆ.

ನಾನು ಹುಟ್ಟಿದ್ದು ಮುಳುಗಡೆಯಾದ ಮೇಲೆ. ಆ ಮನೆಯಲ್ಲಿ ಒಂದು ಹೊತ್ತು ಉಂಡವನಲ್ಲ. ಆದರೆ ಅಮ್ಮ ಎಷ್ಟು ಸಲ ಹೇಳಿದ್ದಾಳೆಂದರೆ ಕಣ್ಣು ಮುಚ್ಚಿಕೊಂಡು ಒಳಗೆ ಓಡಾಡಬಲ್ಲೆ: ಜಗಲಿ, ನಡುಮನೆ, ಬಲಕ್ಕೆ ತಿರುಗಿದರೆ ದೇವರ ಒಳ, ಹಿಂದೆ ಬಚ್ಚಲು, ಬಚ್ಚಲ ನೀರು ಹೋಗುವಲ್ಲಿ ಕೆಸುವಿನ ಗಿಡ. ಊರಿನ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮೂರನೆಯವರಿಗೆ ದಾರಿ ತೋರಿಸಿಕೊಟ್ಟಂತೆ ಆಗುತ್ತದೆ.

ಕಳೆದ ಸಲ ನೀರು ಚೆನ್ನಾಗಿ ಇಳಿದಾಗ ದೊಡ್ಡಪ್ಪನ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಎಂಟು ಗಂಟೆ ಇರಬಹುದು. ಒಣಗಿ ಬಿರುಕು ಬಿಟ್ಟ ಕೆಸರು, ನಡುನಡುವೆ ಅರವತ್ತು ವರ್ಷ ನೀರಲ್ಲಿದ್ದೂ ಕೊಳೆಯದ ಮರದ ಬೊಡ್ಡೆಗಳು, ಅಲ್ಲಲ್ಲಿ ಜಂಬಿಟ್ಟಿಗೆಯ ಕೆಂಪು. ದೂರದಿಂದಲೇ ಕಂಡಿತು: ನಮ್ಮ ಅಂಗಳದಲ್ಲಿ ಮೂವರು ಹುಡುಗರು. ಒಬ್ಬನ ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಂಥದ್ದು. ಹುಲ್ಲು ಸವರುವವರ ಹಾಗೆ ಆ ಕಡೆ ಈ ಕಡೆ ಬೀಸುತ್ತ ಬರುತ್ತಿದ್ದ. ಇನ್ನೊಬ್ಬನ ಕೈಯಲ್ಲಿ ಗುದ್ದಲಿ, ಮೂರನೆಯವನ ಕೈಯಲ್ಲಿ ಮೊಬೈಲು, ವಿಡಿಯೋ ಮಾಡುತ್ತಿದ್ದ. ತುಳಸಿಕಟ್ಟೆಯ ಬುಡದಲ್ಲಿ ಮೊಳ ಆಳದ ಗುಂಡಿ ಆಗಲೇ ಬಿದ್ದಿತ್ತು.

ಸಿಟ್ಟು ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಕುತೂಹಲ. ಅವರೂ ಕೆಟ್ಟ ಹುಡುಗರಲ್ಲ. ‘ಸಾರ್, ನಾವು ನಿಧಿ ಕಳ್ಳರಲ್ಲ, ಇದು ಹಾಬಿ’ ಎಂದು ಕೇಳುವ ಮೊದಲೇ ಹೇಳಿದರು. ಆನ್‌ಲೈನಲ್ಲಿ ಕೆಲವು ಸಾವಿರಕ್ಕೆ ಸಿಕ್ಕಿತಂತೆ. ಅದು ಕೆಲಸ ಮಾಡುವ ರೀತಿಯನ್ನು ಮೇಷ್ಟ್ರಂತೆ ವಿವರಿಸಿದರು: ತಟ್ಟೆಯೊಳಗಿನ ತಂತಿಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ, ಆ ಸುಳಿಗಳ ಪ್ರತಿಕ್ಷೇತ್ರವನ್ನು ಯಂತ್ರ ಹಿಡಿದು ಬೀಪ್ ಅನ್ನುತ್ತದೆ. ಒಂದು ನಾಣ್ಯವಾದರೆ ಗೇಣು ಆಳದೊಳಗಿದ್ದರಷ್ಟೇ ಸಿಗುವುದು. ಅದಕ್ಕಿಂತ ಕೆಳಗಿದ್ದರೆ ಯಂತ್ರಕ್ಕೂ ಅಷ್ಟೇ, ನಮಗೂ ಅಷ್ಟೇ. ನಮ್ಮ ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಬರಿಯ ಜಂಬಿಟ್ಟಿಗೆ ಕಲ್ಲಿಗೂ ಅದು ಕೂಗಿಕೊಳ್ಳುತ್ತದಂತೆ. ‘ದಿನಕ್ಕೆ ನೂರು ಸಲ ಮೋಸ ಹೋಗ್ತೀವಿ ಸಾರ್’ ಎಂದ ಹೆಡ್‌ಫೋನಿನವನು. ಅವನ ಬ್ಯಾಗಿನಲ್ಲಿ ಆ ದಿನದ ಸಂಪಾದನೆ ನೋಡಿದೆ: ಬಿಯರ್ ಬಾಟಲಿಯ ಮುಚ್ಚಳ, ಗುಟ್ಕಾ ಚೀಟಿಯ ಹೊಳೆಯುವ ಕಾಗದ, ಎತ್ತಿನ ಲಾಳ, ಬೀಗದ ಅರ್ಧ ಭಾಗ, ಒಂದು ಅಡಕತ್ತರಿಯ ಕಾಲು, ಮತ್ತು ಎರಡು ನಾಣ್ಯ.

ಒಂದು ನಾಣ್ಯ ತಾಮ್ರದ್ದು, ದಪ್ಪ, ಹಸಿರು ಹಿಡಿದಿತ್ತು. ಹುಡುಗ ಎಂಜಲು ಹಚ್ಚಿ ಹೆಬ್ಬೆರಳಲ್ಲಿ ತಿಕ್ಕಿದ. ಆನೆ ಕಂಡಿತು. ಎದೆ ಝಲ್ಲೆಂದಿತು. ನಮ್ಮ ನೆಲದಲ್ಲಿ ಆನೆ ಇರುವ ತಾಮ್ರದ ಕಾಸು ಎಂದರೆ ಮುಖ್ಯವಾಗಿ ಎರಡು ದಿಕ್ಕಿಗೆ ನೋಡಬೇಕು. ಟಿಪ್ಪುವಿನ ಪೈಸೆಯಾದರೆ ಹಿಂಬದಿಯಲ್ಲಿ ಪಾರ್ಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರಿರುತ್ತದೆ: ಶ್ರೀರಂಗಪಟ್ಟಣದ್ದಾದರೆ ಪಟನ್, ಬಿದನೂರಿನದ್ದಾದರೆ ನಗರ್. ಮುಮ್ಮಡಿ ಕೃಷ್ಣರಾಜ ಒಡೆಯರದ್ದಾದರೆ ಆನೆಯ ಮೇಲೆ ಸೂರ್ಯ ಚಂದ್ರ ಇರುತ್ತಾರೆ, ಕೆಲವದರ ಹಿಂದೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದಿರುತ್ತದೆ. ಬಿದನೂರಿನ ಟಂಕಸಾಲೆಯ ಜಾಗ ಈಗಿನ ಹೊಸನಗರ ತಾಲ್ಲೂಕಿನ ನಗರ. ನಮ್ಮ ಹಳೇಮನೆಗೆ ನೆರೆಮನೆ ಎನ್ನುವಷ್ಟು ಹತ್ತಿರ. ‘ನಗರ್’ ಎಂದಿದ್ದರೆ ಒಂದು ಕತೆ, ‘ಪಟನ್’ ಎಂದಿದ್ದರೆ ಬೇರೆಯೇ ಕತೆ. ಶ್ರೀರಂಗಪಟ್ಟಣದ ದುಡ್ಡು ಅಡಿಕೆ, ಮೆಣಸು ಹೇರಿಕೊಂಡು ಹೋಗುವವರ ಕೈ ದಾಟಿ ಈ ಕಾಡಿನ ಮನೆಗೆ ಬಂದಿತ್ತು ಎಂದಾಗುತ್ತದೆ. ಹಿಂಬದಿ ತಿರುಗಿಸಿ ನೋಡೋಣ ಎಂದೆ. ಅಷ್ಟರಲ್ಲಿ ಅವನು ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಜೇಬಿಗೆ ಇಳಿಸಿದ್ದ. ‘ಮನೆಗೆ ಹೋಗಿ ಹುಣಸೆಹಣ್ಣಲ್ಲಿ ತೊಳೀತೀವಿ ಸಾರ್, ಪಳಪಳ ಅನ್ನುತ್ತೆ.’

ತಮ್ಮಾ, ನೀನು ಇದನ್ನು ಓದುತ್ತಿದ್ದರೆ ದಯವಿಟ್ಟು ಹುಣಸೆಹಣ್ಣು ಮುಟ್ಟಬೇಡ. ಅದು ತಂಬಿಗೆಗೆ ಸರಿ, ನಾಣ್ಯಕ್ಕೆ ಅಲ್ಲ. ಆ ಹಸಿರು ಪದರದ ಜೊತೆ ಅಕ್ಷರದ ಅಂಚೂ ಕರಗಿ ಹೋಗುತ್ತದೆ. ಆಮೇಲೆ ಉಳಿಯುವುದು ಹೊಳೆಯುವ ತಾಮ್ರದ ಬಿಲ್ಲೆ ಅಷ್ಟೇ. ನಾಣ್ಯ ಸಂಗ್ರಹಿಸುವವರು ಸಹ ಅಂಥದ್ದಕ್ಕೆ ಮೂಗು ಮುರಿಯುತ್ತಾರೆ.

ಎರಡನೆಯ ನಾಣ್ಯವನ್ನು ಅವರೇ ನನ್ನ ಕೈಗೆ ಹಾಕಿದರು. ‘ಇದಕ್ಕೆ ಬೆಲೆ ಇಲ್ಲ ಸಾರ್, ನೀವೇ ಇಟ್ಕೊಳ್ಳಿ.’ ನಡುವೆ ದೊಡ್ಡ ತೂತು ಇರುವ ಪೈಸೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು ಬ್ರಿಟಿಷ್ ಸರ್ಕಾರ 1943ರಿಂದ ಹೊಡೆಸಿದ್ದು. ಅದು ಸಿಕ್ಕಿದ್ದು ಎಲ್ಲಿ ಎಂದು ಕೇಳಿದೆ. ತೋರಿಸಿದರು. ನಮ್ಮ ಬಚ್ಚಲ ಕಲ್ಲಿನಿಂದ ಮೂರು ಮೊಳ ಪಡುವಣಕ್ಕೆ.

ಮನೆಗೆ ಬಂದು ಅಮ್ಮನ ಅಂಗೈಯಲ್ಲಿ ಇಟ್ಟೆ. ಕನ್ನಡಕ ಹಾಕಿಕೊಳ್ಳದೆ ಬೆರಳಲ್ಲೇ ಸವರಿ ಹೇಳಿದಳು, ‘ಅಯ್ಯೋ, ತೂತು ಬಿಲ್ಲೆ! ಎಲ್ಲಿತ್ತೋ?’ ಬಚ್ಚಲ ಹತ್ತಿರ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ಆಗ ಚಿಕ್ಕ ಮಕ್ಕಳ ಉಡಿದಾರಕ್ಕೆ ಈ ಬಿಲ್ಲೆ ಪೋಣಿಸುತ್ತಿದ್ದರಂತೆ. ದೊಡ್ಡಪ್ಪನ ಹಿರಿಮಗನಿಗೆ ಎಣ್ಣೆ ನೀರು ಹಾಕುವಾಗ ಉಡಿದಾರ ಹರಿದು ಬಿಲ್ಲೆ ಬಚ್ಚಲ ನೀರಿನ ಜೊತೆ ಹೋಯಿತಂತೆ. ಅತ್ತೆ ಕೆಸುವಿನ ಬುಡವನ್ನೆಲ್ಲ ಕೆದಕಿ ಹುಡುಕಿ, ಸಿಗದೆ, ಅಪಶಕುನ ಎಂದು ಎರಡು ದಿನ ಗೊಣಗಿದ್ದರಂತೆ. ಇದು ಅದೇ ಬಿಲ್ಲೆ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಅಮ್ಮ ಮಾಡುತ್ತಾಳೆ. ಅದೀಗ ಅವಳ ಕುಂಕುಮದ ಭರಣಿಯಲ್ಲಿದೆ.

ಅದೇ ಬಿಲ್ಲೆ ಹುಡುಗರ ಬ್ಯಾಗಿನಲ್ಲಿ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ಆನ್‌ಲೈನಿನಲ್ಲಿ ಫೋಟೋ ಹಾಕಿಸಿಕೊಂಡಿದ್ದರೆ ಏನಾಗುತ್ತಿತ್ತು? ತೂತು ಪೈಸೆ ಕೋಟಿಗಟ್ಟಲೆ ಹೊಡೆದಿದ್ದಾರೆ, ಇನ್ನೊಂದು ತೂತು ಪೈಸೆ ಎಂದಾಗುತ್ತಿತ್ತು. ಅದಕ್ಕೆ ಮಾತು ಬಂದದ್ದು ಬಚ್ಚಲ ಕಲ್ಲಿನಿಂದ ಮೂರು ಮೊಳ ಎಂಬ ವಿಳಾಸದಿಂದ. ಆಯುಕ್ತರೇ, ನಿಮಗೆ ಇದನ್ನು ಹೇಳಬೇಕಾಗಿಲ್ಲ. ಚಿತ್ರದುರ್ಗದ ಚಂದ್ರವಳ್ಳಿ ನಿಮ್ಮ ಇಲಾಖೆಯ ಹಿರಿಯರೇ ಅಗೆದ ಜಾಗ. ಅದೂ ಕೆರೆಯ ಮಗ್ಗುಲು. ಕದಂಬರ ಮಯೂರಶರ್ಮನೇ ಅಲ್ಲಿ ಕೆರೆ ಕಟ್ಟಿಸಿದನೆಂದು ಬಂಡೆಯ ಶಾಸನ ಹೇಳುತ್ತದೆ. ಅಲ್ಲಿ ಸಾತವಾಹನರ ಸೀಸದ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳು ಬಂದವು. 1929ರ ಹೊತ್ತಿಗೆ ಎಂ. ಎಚ್. ಕೃಷ್ಣ ಅಗೆದರು, 1947ರಲ್ಲಿ ಕೇಂದ್ರದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಬಂದು ಅದೇ ಜಿಲ್ಲೆಯ ಬ್ರಹ್ಮಗಿರಿಯ ಜೊತೆ ಅದನ್ನೂ ಅಗೆದರು. ತಿಬೇರಿಯಸ್ ಚಕ್ರವರ್ತಿಯ ನಾಣ್ಯ ಯಾವ ಪದರದಲ್ಲಿತ್ತು, ಯಾವ ಮಡಕೆ ಚೂರಿನ ಜೊತೆ ಇತ್ತು ಎಂದು ಬರೆದಿಟ್ಟಿದ್ದರಿಂದ ಇಡೀ ದಕ್ಷಿಣದ ಮಡಕೆಗಳಿಗೆ ಕಾಲ ಹೇಳಲು ಬಂತು. ಅದೇ ನಾಣ್ಯವನ್ನು ಯಾರೋ ರಾತ್ರಿ ಕಿತ್ತುಕೊಂಡು ಹೋಗಿ ಮಾರಿದ್ದರೆ ಅದು ಇವತ್ತಿಗೂ ಯಾರದೋ ಆಲ್ಬಮ್ಮಿನಲ್ಲಿ ಚಂದವಾಗಿ ಕೂತಿರುತ್ತಿತ್ತು.

ನೀರು ಇಳಿದ ನೆಲ ಇತಿಹಾಸಕ್ಕೆ ಹೊಸದೇನೂ ಅಲ್ಲ. 1853-54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಸರೋವರ ಎಂದಿಲ್ಲದಷ್ಟು ಇಳಿದು ಓಬರ್‌ಮೈಲೆನ್ ಎಂಬಲ್ಲಿ ಸಾಲುಸಾಲು ಮರದ ಕಂಬಗಳು ಕಂಡವು. ಊರಿನ ಮೇಷ್ಟ್ರು ಸುದ್ದಿ ಕಳಿಸಿದರು, ಫರ್ಡಿನಾಂಡ್ ಕೆಲ್ಲರ್ ಎಂಬ ವಿದ್ವಾಂಸ ಬಂದು ನೋಡಿದ. ಸರೋವರದ ದಡದಲ್ಲಿ ಕಂಬದ ಮೇಲೆ ಮನೆ ಕಟ್ಟಿಕೊಂಡು ಬದುಕಿದ ಪ್ರಾಚೀನರ ಕತೆ ಅಲ್ಲಿಂದ ಹೊರಬಿತ್ತು. ಅವರು ಮಾಡಿದ್ದು ಇಷ್ಟೇ: ಒಬ್ಬ ಹೇಳಿದ, ಇನ್ನೊಬ್ಬ ಬಂದ. ನಮ್ಮಲ್ಲಿ ಹೇಳುವವನಿಗೂ ಬರುವವನಿಗೂ ನಡುವೆ ಏನಾಗುತ್ತದೆ ಎಂಬುದನ್ನು ಈಗ ಹೇಳುತ್ತೇನೆ.

ಆ ಆನೆ ಕಾಸಿನ ವಿಷಯ ಎಲ್ಲಾದರೂ ದಾಖಲಾಗಲಿ ಎಂದು ನಾನು ಒಂದು ಕಚೇರಿಗೆ ಹೋದೆ. ಯಾವುದು ಎಂದು ಬರೆಯುವುದು ಬೇಡ, ಅಲ್ಲಿ ಕೂತವರೂ ನಮ್ಮವರೇ. ‘ಹಿನ್ನೀರಲ್ಲಿ ಹಳೇ ನಾಣ್ಯ ಸಿಗುತ್ತಿವೆ, ಬರೆದುಕೊಳ್ಳುವುದಕ್ಕೆ ಏನಾದರೂ ರಿಜಿಸ್ಟರ್ ಇದೆಯಾ’ ಎಂದು ಕೇಳಿದೆ. ಮೇಜಿನ ಆಚೆಯವರು ತಲೆ ಎತ್ತಿ, ‘ನಿಧಿ ಕೇಸಾ?’ ಎಂದರು. ಅಲ್ಲ, ಒಂದು ಕಾಸು ಎಂದೆ. ‘ಎಲ್ಲಿ ಅಗೆದಿರಿ? ಜೊತೆಗೆ ಯಾರಿದ್ದರು? ಮಿಕ್ಕಿದ್ದು ಎಲ್ಲಿದೆ?’ ನಾನು ಅಗೆದಿಲ್ಲ, ಅಗೆದದ್ದನ್ನು ನೋಡಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನವರೂ ಕುರ್ಚಿ ಈ ಕಡೆ ತಿರುಗಿಸಿದ್ದರು. ಕೊನೆಗೆ ಒಬ್ಬರು ಮೆಲ್ಲಗೆ ಹೊರಗೆ ಕರೆದು, ‘ಯಾಕೆ ಮಾರಾಯ್ರೇ ಈ ಉಸಾಬರಿ, ಮನೆಗೆ ಹೋಗಿ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಮನೆಗೆ ಬಂದೆ.

ಈ ‘ನಿಧಿ’ ಎಂಬ ಮಾತೇ ಎಲ್ಲ ಕೆಡಿಸಿದೆ. ನಮ್ಮ ಕಡೆ ನಿಧಿ ಎಂದರೆ ಅಮಾವಾಸ್ಯೆ, ನಿಂಬೆಹಣ್ಣು, ಕೋಳಿ, ಮಂತ್ರ ಹೇಳುವವನೊಬ್ಬ, ಬೆಳಗಾದರೆ ಹೊಟ್ಟೆ ಒಡೆದ ಬಸವಣ್ಣ. ಕೆಳದಿ ಅರಸರ ಕಾಲದ ಪಾಳು ದೇವಸ್ಥಾನಗಳಲ್ಲಿ ಪೀಠ ಕಿತ್ತು ಬಿದ್ದಿರುವುದನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದುಹಾಕಿದರು. ಅಂಥವರನ್ನು ಹಿಡಿಯಬೇಕು, ಒಳಗೆ ಹಾಕಬೇಕು, ಎರಡು ಮಾತಿಲ್ಲ. ಆದರೆ ಹೊಲ ಉಳುವಾಗ ಕಾಸು ಸಿಕ್ಕಿದ ರೈತನನ್ನೂ ಅದೇ ಕಣ್ಣಿನಿಂದ ನೋಡಿದರೆ ಅವನು ಏನು ಮಾಡುತ್ತಾನೆ? ತಾಮ್ರವಾದರೆ ಮಕ್ಕಳ ಕೈಗೆ, ಬೆಳ್ಳಿಯಾದರೆ ಪೇಟೆಗೆ, ಚಿನ್ನವಾದರೆ ಅಕ್ಕಸಾಲಿಯ ಮೂಸೆಗೆ.

ಚಿನ್ನದ ಮಾತು ಬಂತು. ಕೆಳದಿ ಅರಸರ ಇಕ್ಕೇರಿ ವರಹ ಎಂದು ಕೇಳಿರುತ್ತೀರಿ. ಮೂರೂವರೆ ಗ್ರಾಮಿಗೆ ಸ್ವಲ್ಪ ಕಡಿಮೆ ತೂಗುವ, ಕಡಲೆಬೀಜದಷ್ಟು ದೊಡ್ಡ ನಾಣ್ಯ. ಒಂದು ಬದಿ ಶಿವ ಪಾರ್ವತಿಯರು ಕೂತಿದ್ದಾರೆ, ಇನ್ನೊಂದು ಬದಿ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಮಾಡಿದ ಕೆಲಸ ನೋಡಿ: ಶಿವ ಪಾರ್ವತಿಯರನ್ನು ಅಲುಗಾಡಿಸಲಿಲ್ಲ, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರ ‘ಹೇ’ ಹೊಡೆಸಿದ. ಸಂತೆಯಲ್ಲಿ ಜನ ನಂಬುವುದು ಯಾವ ಚಿತ್ರವನ್ನು ಎಂಬುದು ಅವನಿಗೆ ಗೊತ್ತಿತ್ತು. ಈ ಎರಡು ವರಹಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ರಾಜ್ಯ ಇನ್ನೊಂದರ ಕೈಗೆ ಹೋದದ್ದು ಅಂಗೈ ಮೇಲೆ ಕಾಣುತ್ತದೆ. ಮೂಸೆಗೆ ಹಾಕಿದರೆ ಎರಡೂ ಸೇರಿ ಒಂದು ಜೊತೆ ಓಲೆ.

ಈಗ ಕಾನೂನಿನ ಮಾತು. 1878ರ ಟ್ರೆಶರ್ ಟ್ರೋವ್ ಕಾಯ್ದೆ ಎಂಬುದೊಂದಿದೆ, ಬ್ರಿಟಿಷರು ಬರೆದದ್ದು. ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದರೆ ಕಲೆಕ್ಟರಿಗೆ ಬರಹದಲ್ಲಿ ತಿಳಿಸಬೇಕು: ಏನು, ಎಷ್ಟು, ಎಲ್ಲಿ, ಯಾವ ದಿನ. ತಿಳಿಸದಿದ್ದರೆ ಜೈಲಿಗೂ ದಾರಿಯಿದೆ. ಸರ್ಕಾರಕ್ಕೆ ಆ ವಸ್ತು ಬೇಕಾದರೆ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತೆಗೆದುಕೊಳ್ಳಬಹುದು. ಲೆಕ್ಕ ಹಾಕಿ ನೋಡಿ. ಟಿಪ್ಪುವಿನ ಹನ್ನೊಂದು ಗ್ರಾಮಿನ ಪೈಸೆಗೆ ಲೋಹದ ಬೆಲೆ ಎಂದರೆ ಒಂದು ಚಹಾದ ದುಡ್ಡು, ಐದನೇ ಒಂದು ಭಾಗಕ್ಕೆ ಒಂದು ಚಾಕೊಲೇಟು. 1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ಆಮೇಲೆ 1972ರ ಕೇಂದ್ರದ ಪುರಾವಸ್ತು ಕಾಯ್ದೆ ಬಂತು. ಅದರ ಪ್ರಕಾರ ನಾಣ್ಯವೊಂದು ಪುರಾವಸ್ತು ಎನಿಸಿಕೊಳ್ಳಬೇಕಾದರೆ ನೂರು ವರ್ಷ ಆಗಿರಬೇಕು. ಅಮ್ಮನ ಭರಣಿಯಲ್ಲಿರುವ ತೂತು ಬಿಲ್ಲೆಗೆ ಆ ವಯಸ್ಸಾಗಿಲ್ಲ. ಮುಳುಗಡೆಯಾದ ಊರಿನ ನೆನಪಿಗೆ ನಮ್ಮ ಕಾನೂನಿನಲ್ಲಿ ಖಾನೆಯೇ ಇಲ್ಲ ಎಂದಾಯಿತು.

ಹಿನ್ನೀರಿನ ತಳ ಇನ್ನೂ ಒಂದು ಕಾರಣಕ್ಕೆ ಬೇರೆ. ಇಲ್ಲಿ ಸಿಗುವುದೆಲ್ಲ ಕಳೆದುಹೋದ ದುಡ್ಡಲ್ಲ, ಕೊಟ್ಟ ದುಡ್ಡೂ ಇದೆ. ಪಾಯ ಹಾಕುವಾಗ, ಹೊಸಿಲು ಇಡುವಾಗ ಅದರಡಿಗೆ ನಾಣ್ಯ ಹಾಕುವುದು ನಮ್ಮ ಪದ್ಧತಿ. ಚೌಡಿಯ ಬನದ ಕಲ್ಲಿನ ಬುಡದಲ್ಲಿ ಹರಕೆಯ ಕಾಸು ಇರುತ್ತದೆ. ಮನೆ ಬಿಡುವ ದಿನ ಅಜ್ಜಿ ದೇವರ ಒಳದಲ್ಲಿ ಎಲೆ ಅಡಿಕೆಯ ಮೇಲೆ ಒಂದು ಬೆಳ್ಳಿ ರೂಪಾಯಿ ಇಟ್ಟು, ತಿರುಗಿ ನೋಡದೆ ಬಂದಳು ಎಂದು ಅಮ್ಮ ಹೇಳುತ್ತಾಳೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಅದಕ್ಕೆ ಹರಕೆಯೂ ಬೀಪ್, ಬಿಯರ್ ಮುಚ್ಚಳವೂ ಬೀಪ್. ಆಣೆಗಳಂತೂ ಇಲ್ಲಿ ರಾಶಿ ಬಿದ್ದಿರಬೇಕು. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದು, ರೂಪಾಯಿಗೆ 16 ಆಣೆ, 64 ಪೈಸೆ ಎಂಬ ಹಳೇ ಲೆಕ್ಕ ಹಿಂದೆ ಬಿತ್ತು. ಅದಾಗಿ ಏಳು ವರ್ಷಕ್ಕೆ ಅಣೆಕಟ್ಟು. ಚಲಾವಣೆ ತಪ್ಪಿದ ಬಿಲ್ಲೆಗಳು ಮಕ್ಕಳ ಆಟದ ಸಾಮಾನಾಗಿದ್ದವು, ಅಲ್ಲೇ ಉಳಿದವು. ಒಬ್ಬ ಸಂಶೋಧಕ ಮನೆ ಮನೆಯ ಪಾಯ ಅಳೆದು, ಯಾವ ಮನೆಯಲ್ಲಿ ಯಾವ ಕಾಲದ ಕಾಸು ಎಂದು ಗುರುತು ಹಾಕಿದರೆ, ಶ್ಯಾನುಭೋಗರ ಕಡತಗಳಲ್ಲಿ ಸಿಗದ ಕಣಿವೆಯೊಂದರ ಸಂಸಾರ ಅಲ್ಲಿ ಸಿಕ್ಕೀತು.

ಹಾಗಾದರೆ ಡಿಟೆಕ್ಟರನ್ನೇ ನಿಷೇಧಿಸಿ ಎಂದು ನಾನು ಕೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ನಮ್ಮ ಮನೆಯಲ್ಲೇ ಇದಕ್ಕೆ ಜಗಳವಾಗಿದೆ. ದೊಡ್ಡಪ್ಪನ ಮೊಮ್ಮಗನಿಗೆ ಆ ಮೂವರ ಕೋಲು ಕಿತ್ತು ನೀರಿಗೆ ಎಸೆಯಬೇಕಿತ್ತು. ಆದರೆ ಸತ್ಯ ಹೇಳಬೇಕಲ್ಲ. ಪ್ರತಿ ವರ್ಷ ನೀರು ಏರುತ್ತದೆ, ಇಳಿಯುತ್ತದೆ. ಅಲೆ ಬಡಿದು ಬಡಿದು ಮೇಲ್ಮಣ್ಣು ಕೊಚ್ಚಿಹೋಗಿ, ಒಂದು ಕಾಲಕ್ಕೆ ಆಳದಲ್ಲಿದ್ದ ವಸ್ತು ಈಗ ಜಲ್ಲಿಯ ಜೊತೆ ಮೇಲೇ ಕೂತಿದೆ. ನೆನೆದು ಒಣಗಿ, ನೆನೆದು ಒಣಗಿ ತಾಮ್ರ ಪುಡಿಯಾಗುತ್ತಿದೆ. ಯಾರೂ ಎತ್ತದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಎತ್ತುವುದಕ್ಕೇ ಏನೂ ಉಳಿಯಲಿಕ್ಕಿಲ್ಲ. ಆ ಹುಡುಗರ ಯಂತ್ರ ಇಲ್ಲದಿದ್ದರೆ ತೂತು ಬಿಲ್ಲೆ ಅಮ್ಮನ ಕೈಗೆ ಬರುತ್ತಲೂ ಇರಲಿಲ್ಲ. ಇದನ್ನು ನುಂಗಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು.

ಲಂಡನ್ನಿನಲ್ಲಿರುವ ನೆಂಟರ ಹುಡುಗಿಯೊಬ್ಬಳು ಥೇಮ್ಸ್ ನದಿಯ ಫೋಟೋ ಕಳಿಸಿದ್ದಳು. ಸಮುದ್ರದ ಇಳಿತಕ್ಕೆ ನದಿಯ ನೀರು ಹಿಂದೆ ಸರಿದಾಗ ಜನ ಕೆಸರಿನಲ್ಲಿ ಬಗ್ಗಿ ಹಳೇ ನಾಣ್ಯ, ಗುಂಡಿ, ಮಣ್ಣಿನ ಚುಟ್ಟಾಕೊಳವೆ ಹುಡುಕುತ್ತಾರೆ. ಆದರೆ ಸುಮ್ಮನೆ ಇಳಿಯುವ ಹಾಗಿಲ್ಲ, ಬಂದರು ಪ್ರಾಧಿಕಾರದ ಪರವಾನಗಿ ಬೇಕು. 300 ವರ್ಷಕ್ಕಿಂತ ಹಳೆಯದು ಸಿಕ್ಕಿದರೆ ಅದನ್ನು ನೋಡಿ ದಾಖಲಿಸಲೆಂದೇ ಇರುವ ಅಧಿಕಾರಿಗೆ ತೋರಿಸಬೇಕು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸಿಕ್ಕಿದ್ದನ್ನು ದಾಖಲಿಸುವ ಈ ವ್ಯವಸ್ಥೆ 1997ರಲ್ಲಿ ಶುರುವಾಯಿತು. ರೈತ, ಹವ್ಯಾಸಿ ಯಾರೇ ತಂದರೂ ಬರೆದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ, ಜಾಗ ಗುರುತಿಸುತ್ತಾರೆ, ಬಹುಪಾಲು ವಸ್ತುಗಳನ್ನು ತಂದವರಿಗೇ ವಾಪಸು ಕೊಡುತ್ತಾರೆ. ಹೀಗೆ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಅವರಲ್ಲೂ ರಾತ್ರಿ ಕಳ್ಳರಿದ್ದಾರೆ, ಅವರ ವ್ಯವಸ್ಥೆಯನ್ನು ಬೈಯುವ ಪುರಾತತ್ವಜ್ಞರೂ ಇದ್ದಾರೆ. ಅದನ್ನು ಇದ್ದ ಹಾಗೇ ಎತ್ತಿಕೊಂಡು ಬಂದು ಇಲ್ಲಿ ನೆಡಿ ಎನ್ನುತ್ತಿಲ್ಲ. ನಮ್ಮ ನೆಲದಲ್ಲಿ ದೇವಸ್ಥಾನ, ಬನ, ವೀರಗಲ್ಲು ಎಲ್ಲ ಬೆರೆತಿವೆ. ಸಿಕ್ಕಸಿಕ್ಕವರ ಕೈಗೆ ಯಂತ್ರ ಕೊಟ್ಟು ‘ಹುಡುಕಿ’ ಎಂದರೆ ಮುಗಿಯಿತು ಕತೆ. ಬರೆದುಕೊಳ್ಳುವ ಆ ಪುಸ್ತಕವೊಂದು ಸಾಕು.

ನಾನು ಕೇಳುವುದು ಹೀಗಿದೆ. ಹಿನ್ನೀರಿನ ಅಂಚಿನ ಗ್ರಾಮ ಪಂಚಾಯಿತಿಗಳಲ್ಲಿ ಒಂದೊಂದು ನೋಟ್‌ಬುಕ್ ಇಡಿಸಿ. ‘ನಿಧಿ’ ಎಂಬ ಶಬ್ದ ಅದರ ರಟ್ಟಿನ ಮೇಲೆ ಬೇಡ, ‘ಸಿಕ್ಕಿದ್ದು’ ಎಂದಿರಲಿ. ತಂದವನ ಹೆಸರು, ಸಿಕ್ಕಿದ ಜಾಗ, ಎರಡು ಬದಿಯ ಫೋಟೋ. ಮೊಬೈಲು ಎಲ್ಲರಲ್ಲೂ ಇದೆ, ಜಾಗದ ಗುರುತು ಅದೇ ಹಾಕಿಕೊಡುತ್ತದೆ. ತಾನಾಗಿ ತಂದು ತೋರಿಸಿದವನನ್ನು ಠಾಣೆಗೆ ಕಳಿಸುವುದಿಲ್ಲ ಎಂದು ಜಿಲ್ಲಾಧಿಕಾರಿಯವರು ಒಂದು ಸುತ್ತೋಲೆ ಹೊರಡಿಸಲಿ. ಈ ಒಂದು ಸಾಲು ಇಲ್ಲದೆ ನೋಟ್‌ಬುಕ್ ಖಾಲಿ ಇರುತ್ತದೆ, ಬರೆದು ಕೊಡುತ್ತೇನೆ. ಡಿಟೆಕ್ಟರ್ ಹಿಡಿದು ತಳಕ್ಕೆ ಇಳಿಯುವವರಿಗೆ ಪರವಾನಗಿ ಇರಲಿ. ಪಾಯ ಕಾಣುವ ಜಾಗ, ದೇವಸ್ಥಾನ, ಬನ, ಸ್ಮಶಾನಗಳ ಒಳಗೆ ಯಾರಿಗೂ ಬೇಡ. ಗುದ್ದಲಿಯಂತೂ ಬೇಡವೇ ಬೇಡ.

ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಇವತ್ತು ಎಷ್ಟಿದೆ ಎಂದು ದಿನಪತ್ರಿಕೆಯಲ್ಲೇ ಬರುತ್ತದೆ, ಆದ್ದರಿಂದ ನೀರು ಯಾವಾಗ ಇಳಿಯುತ್ತದೆಂದು ಇಲಾಖೆಗೆ ಯಾರೂ ಕಣಿ ಹೇಳಬೇಕಾಗಿಲ್ಲ. ಮಡೆನೂರಿನ ಸೈಫನ್ನು ಕಂಡ ವಾರವೇ ಇಲಾಖೆಯಿಂದ ಒಬ್ಬರು, ಕಾಲೇಜುಗಳ ಇತಿಹಾಸ ವಿಭಾಗದ ಹತ್ತು ಹುಡುಗ ಹುಡುಗಿಯರು ಬರಲಿ. ಬೇಕಾದರೆ ಈ ಡಿಟೆಕ್ಟರ್ ತಮ್ಮಂದಿರನ್ನೇ ಜೊತೆಗೆ ಕರೆದುಕೊಳ್ಳಿ, ಅವರ ಕಿವಿ ಪಳಗಿದೆ. ಮಳೆ ಹಿಡಿಯುವ ತನಕ ಎರಡು ಮೂರು ವಾರ ಸಿಗುತ್ತದೆ. ಮುಳುಗಡೆಯ ಹಿರಿಯರು ಇನ್ನೂ ಕೆಲವರು ಇದ್ದಾರೆ; ಇದು ಯಾರ ಮನೆ, ಇದು ಯಾರ ಕಣ, ಇದು ಸಂತೆಗೆ ಹೋಗುವ ದಾರಿ ಎಂದು ಕೈ ತೋರಿಸಿ ಹೇಳಬಲ್ಲವರು. ಅವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಊಟ, ವಸತಿ ನಮ್ಮ ಮನೆಯಲ್ಲಿ. ಇದನ್ನು ಮಾತಿಗೆ ಹೇಳುತ್ತಿಲ್ಲ.

ಸಿಕ್ಕಿದ್ದನ್ನು ಇಡುವುದಕ್ಕೂ ಜಾಗವಿದೆ. ಕೆಳದಿಯಲ್ಲಿ ಗುಂಡಾ ಜೋಯಿಸರು ಮನೆ ಮನೆ ತಿರುಗಿ ತಾಳೆಗರಿ, ಕಡತ, ನಾಣ್ಯ ಕೂಡಿಸಿ ಕಟ್ಟಿದ ಮ್ಯೂಸಿಯಂ ಇದೆ. ಅವರು ಮನೆ ಬಾಗಿಲಿಗೆ ಹೋದಾಗ ಜನ ತಾವಾಗಿ ಒಳಗಿಂದ ತಂದು ಕೊಟ್ಟರು. ಯಾಕೆಂದರೆ ಅವರು ‘ಎಲ್ಲಿ ಅಗೆದಿರಿ’ ಎಂದು ಕೇಳಲಿಲ್ಲ, ‘ಕೂತು ಹೇಳಿ’ ಎಂದರು.

ತಮ್ಮಂದಿರೇ, ನಿಮಗೆ ಇನ್ನು ಎರಡೇ ಮಾತು. ಆನೆ ಕಾಸನ್ನು ಮಾರಿದ್ದರೆ ಮಾರಿದ್ದೀರಿ, ನಾನೇನೂ ಬೆನ್ನಟ್ಟಿ ಬರುವುದಿಲ್ಲ. ಇನ್ನೂ ಇದ್ದರೆ ಹಿಂಬದಿಯ ಒಂದು ಫೋಟೋ ತೆಗೆದು, ಸಿಕ್ಕಿದ ಜಾಗ ನೆನಪಿದ್ದಷ್ಟು ಬರೆದಿಡಿ. ‘ನಗರ್’ ಎಂದಿದೆಯೋ ‘ಪಟನ್’ ಎಂದಿದೆಯೋ ತಿಳಿದುಕೊಳ್ಳಬೇಕೆಂಬ ಆಸೆ ನನಗಿನ್ನೂ ಹೋಗಿಲ್ಲ. ಮತ್ತೆ ತುಳಸಿಕಟ್ಟೆಯ ಗುಂಡಿ ನಾನೇ ಮುಚ್ಚಿ ಬಂದಿದ್ದೇನೆ, ಮುಂದಿನ ಸಲ ಅಲ್ಲಿ ಮಣ್ಣು ಸಡಿಲ ಇದೆ ಎಂದು ಅಗೆಯಬೇಡಿ. ಅದು ನನ್ನ ಗುದ್ದಲಿಯ ಗುರುತು.

ಆಯುಕ್ತರೇ, ಜಿಲ್ಲಾಧಿಕಾರಿಯವರೇ, ಆ ನೋಟ್‌ಬುಕ್ ಬಂದ ದಿನ ಹೇಳಿ ಕಳಿಸಿ. ಅಮ್ಮನಿಗೆ ಹೇಳಿ ಒಪ್ಪಿಸಿದ್ದೇನೆ, ಫೋಟೋಗೆ ಮಾತ್ರ ಕೊಡುತ್ತಾಳಂತೆ, ಬಿಲ್ಲೆ ಭರಣಿಗೆ ವಾಪಸು ಬರಬೇಕಂತೆ. ಮೊದಲ ಸಾಲು ನಾನು ಬರೆಸುತ್ತೇನೆ: ತೂತು ಪೈಸೆ, ಒಂದು. ಬಚ್ಚಲ ಕಲ್ಲಿನಿಂದ ಮೂರು ಮೊಳ ಪಡುವಣಕ್ಕೆ, ಕೆಸುವಿನ ಗಿಡ ಇದ್ದ ಜಾಗ.

ಇಂತಿ,
ಶರಾವತಿ ಹಿನ್ನೀರಿನ ಒಬ್ಬ ಅಡಿಕೆ ಬೆಳೆಗಾರ
ಸಾಗರ ತಾಲ್ಲೂಕು